ಮೀನು ಚುರುಕಾಗಿದೆ, ಹವಳ ಮಾತ್ರ ಸೊರಗುತ್ತಿದೆ

ಪ್ರಶ್ನೆ: ನಮ್ಮ ಉಪ್ಪುನೀರಿನ ತೊಟ್ಟಿ 120 ಲೀಟರಿನದು. ಶುರುಮಾಡಿ ಎಂಟು ತಿಂಗಳಾಯಿತು. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ, ಮೀನುಗಳು ಚೆನ್ನಾಗಿವೆ. ಆದರೆ ಹ್ಯಾಮರ್ ಹವಳ ಮೊದಲಿನಂತೆ ಅರಳುತ್ತಿಲ್ಲ. ಮಾಂಸ ಹಿಂದೆ ಸರಿದು ಅಂಚಿನಲ್ಲಿ ಬಿಳಿ ಎಲುಬು ಕಾಣುತ್ತಿದೆ. ನೀರಿನಲ್ಲಿ ಏನು ಕೊರತೆ ಇರಬಹುದು?

ಉತ್ತರ: ಅಮೋನಿಯಾ, ನೈಟ್ರೈಟ್ ಪರೀಕ್ಷೆಯಿಂದ ಮೀನಿನ ಕ್ಷೇಮ ತಿಳಿಯುತ್ತದೆ. ಹವಳದ ಕ್ಷೇಮ ತಿಳಿಯಲು ಮೊದಲು ಅಳೆಯಬೇಕಾದದ್ದು ಆಲ್ಕಲಿನಿಟಿ (ನೀರಿನಲ್ಲಿ ಕರಗಿರುವ ಕಾರ್ಬೊನೇಟ್, ಬೈಕಾರ್ಬೊನೇಟ್‌ಗಳ ಅಳತೆ), ನಿಮ್ಮ ಪತ್ರದಲ್ಲಿ ಅದರ ಅಂಕಿಯೇ ಇಲ್ಲ. ಹವಳ ತನ್ನ ಎಲುಬನ್ನು ಕಟ್ಟಿಕೊಳ್ಳುವುದು ಕ್ಯಾಲ್ಸಿಯಂ ಕಾರ್ಬೊನೇಟಿನಿಂದ, ಅದರ ಸಾಮಗ್ರಿಯೆಲ್ಲ ನೀರಿನಿಂದಲೇ ಬರಬೇಕು. ತುಂಡುಗಳು ಚಿಕ್ಕವಿದ್ದಾಗ ವಾರವಾರ ನೀರು ಬದಲಿಸಿದರೆ ಸಾಕಾಗುತ್ತಿತ್ತು. ಎಂಟು ತಿಂಗಳಲ್ಲಿ ಹವಳ ಬೆಳೆದಿರುತ್ತದೆ, ಕಲ್ಲಿನ ಮೇಲೆ ನೇರಳೆ ಬಣ್ಣದ ಕೋರಲೈನ್ ಪಾಚಿಯೂ ಹಬ್ಬಿರುತ್ತದೆ. ಖರ್ಚು ಏರಿದೆ, ಜಮೆ ಮಾತ್ರ ಅಷ್ಟೇ ಉಳಿದಿದೆ.

ಆಲ್ಕಲಿನಿಟಿಯನ್ನೇ ಏಕೆ ಮೊದಲು ಅಳೆಯಬೇಕು? ಹವಳ 20 ಪಿಪಿಎಂ (ಹತ್ತು ಲಕ್ಷದಲ್ಲಿ 20 ಪಾಲು) ಕ್ಯಾಲ್ಸಿಯಂ ಬಳಸುವಷ್ಟರಲ್ಲಿ 2.8 ಡಿಕೆಎಚ್ (ಆಲ್ಕಲಿನಿಟಿಯನ್ನು ಅಳೆಯುವ ಮಾನ) ಆಲ್ಕಲಿನಿಟಿ ಖಾಲಿಯಾಗುತ್ತದೆ. ಕ್ಯಾಲ್ಸಿಯಂ 420ರಿಂದ 413ಕ್ಕೆ ಇಳಿದರೆ ಮನೆಯ ಕಿಟ್‌ಗೆ ಅದು ಸರಿಯಾಗಿ ಕಾಣುವುದೇ ಇಲ್ಲ. ಅದೇ ಹೊತ್ತಿಗೆ ಆಲ್ಕಲಿನಿಟಿ 8ರಿಂದ 7ಕ್ಕೆ ಬಂದಿರುತ್ತದೆ, ಅದು ಸ್ಪಷ್ಟವಾಗಿ ಕಾಣುತ್ತದೆ.

ಮೂರು ದಿನ ಏನನ್ನೂ ಬೆರೆಸದೆ, ದಿನವೂ ಒಂದೇ ಹೊತ್ತಿಗೆ ಅಳೆಯಿರಿ. ಸೋಮವಾರ 8.4 ಇದ್ದದ್ದು ಗುರುವಾರ 7.2 ಆಗಿದ್ದರೆ ದಿನದ ಖರ್ಚು 0.4. ಇನ್ನು ಲೆಕ್ಕ ಸುಲಭ. ಕಲ್ಲು, ಮರಳಿನ ಜಾಗ ಕಳೆದರೆ ನಿಮ್ಮ ತೊಟ್ಟಿಯಲ್ಲಿ ನಿಜವಾಗಿ ಇರುವ ನೀರು ಸುಮಾರು 100 ಲೀಟರ್. ಅಷ್ಟು ನೀರಿಗೆ 1 ಡಿಕೆಎಚ್ ಏರಿಸಲು 3 ಗ್ರಾಂ ಅಡುಗೆ ಸೋಡಾ ಬೇಕು. ಹಾಗಾಗಿ ದಿನಕ್ಕೆ 1.2 ಗ್ರಾಂ. ಬೇಕಿಂಗ್ ಪೌಡರ್ ಬೇರೆಯೇ ವಸ್ತು, ಅದನ್ನು ತೊಟ್ಟಿಯ ಹತ್ತಿರಕ್ಕೂ ತರಬೇಡಿ. ಸೋಡಾವನ್ನು ಒಂದು ಲೋಟ ಆರ್‌ಒ ನೀರಿನಲ್ಲಿ ಪೂರ್ತಿ ಕರಗಿಸಿ, ಅಲೆ ಎಬ್ಬಿಸುವ ಪಂಪಿನ ಮುಂದೆ ನಿಧಾನವಾಗಿ ಸುರಿಯಿರಿ.

ಮೊದಲ ದಿನವೇ 5.5 ಬಂದರೆ ಗಾಬರಿಯಾಗಿ ಒಂದೇ ಸಲಕ್ಕೆ 8.5ಕ್ಕೆ ಎತ್ತಬೇಡಿ. ದಿನದ ಖರ್ಚಿನ ಜೊತೆಗೆ 0.5 ಏರಿದರೆ ಸಾಕು, 1 ದಾಟಲೇಬಾರದು. ಕಡಿಮೆ ಅಂಕಿಯನ್ನು ತಾಳಿಕೊಂಡ ಹವಳವೂ ದಿಢೀರ್ ಏರಿಕೆಯನ್ನು ತಾಳಲಾರದು. 7.5 ಇರಲಿ, 9 ಇರಲಿ, ದಿನದಿಂದ ದಿನಕ್ಕೆ ಒಂದೇ ಆಗಿರುವುದು ಮುಖ್ಯ.

ಕ್ಯಾಲ್ಸಿಯಂ 400ಕ್ಕಿಂತ ಕೆಳಗಿದ್ದರೆ ಕ್ಯಾಲ್ಸಿಯಂ ಕ್ಲೋರೈಡ್ ಡೈಹೈಡ್ರೇಟ್ ಬಳಸಿ. 100 ಲೀಟರಿಗೆ 3.7 ಗ್ರಾಂ ಹಾಕಿದರೆ 10 ಪಿಪಿಎಂ ಏರುತ್ತದೆ. ಇದನ್ನೂ ಸೋಡಾವನ್ನೂ ಒಟ್ಟಿಗೆ ಸುರಿದರೆ ನೀರು ಹಾಲಿನಂತೆ ಬೆಳ್ಳಗಾಗಿ ಎರಡೂ ಸುಣ್ಣವಾಗಿ ತಳ ಸೇರುತ್ತವೆ. ನಡುವೆ ಅರ್ಧ ಗಂಟೆಯಾದರೂ ಬಿಡಿ. ಹೀಟರ್ ಮೇಲೆ ಬಿಳಿ ಪದರ ಕಟ್ಟುತ್ತಿದ್ದು, ಎಷ್ಟು ಹಾಕಿದರೂ ಅಂಕಿ ಏರದಿದ್ದರೆ ಮೆಗ್ನೀಸಿಯಂ ಅಳೆಯಿರಿ. ಅದು 1250–1350 ಪಿಪಿಎಂ ಆಸುಪಾಸಿನಲ್ಲಿರಬೇಕು.

ಹವಳದ ಮೇಲೆ ಕಂದು ಲೋಳೆ ಕಂಡರೆ ಮಾತ್ರ ಕಾಯಬೇಡಿ. ಪಂಪ್ ನಿಲ್ಲಿಸಿ, ಪೈಪಿನಿಂದ ಲೋಳೆಯನ್ನು ಹೀರಿ ಹೊರಹಾಕಿ, ಹವಳವನ್ನು ಬೇರೆ ಪಾತ್ರೆಗೆ ತೆಗೆಯಿರಿ. ಆ ಲೋಳೆ ಹವಳದ ಪಕ್ಕದ ತಲೆಗೂ (ಕವಲಿಗೂ) ಹರಡುತ್ತದೆ.

ಪ್ರಶ್ನೆ: ಹೊಸ ಎಲ್ಇಡಿ ದೀಪ ಹಾಕಿದ ಹತ್ತು ದಿನಕ್ಕೆ ಹವಳ ಬಿಳಿಚಿಕೊಂಡಿದೆ. ಸತ್ತಿದೆಯೇ?

ಉತ್ತರ: ದೀಪ ಆರಿ ಒಂದು ಗಂಟೆಯಾದ ಮೇಲೆ ಟಾರ್ಚ್ ಮತ್ತು ಭೂತಗನ್ನಡಿ ಹಿಡಿದು ನೋಡಿ. ಬಿಳಿ ಎಲುಬಿನ ಮೇಲೆ ಗಾಜಿನಂಥ ತೆಳುಪೊರೆ ಇದ್ದು, ಪುಟ್ಟ ಬೆರಳುಗಳು ಹೊರಚಾಚಿದ್ದರೆ ಹವಳ ಬದುಕಿದೆ. ಅದರ ಮಾಂಸದೊಳಗಿದ್ದು ಆಹಾರ ಮಾಡಿಕೊಡುವ ಪಾಚಿ ಮಾತ್ರ ಹೊರಟುಹೋಗಿದೆ. ಪೊರೆಯೇ ಇಲ್ಲದೆ ಗುಳಿಗಳು ಖಾಲಿ ಇದ್ದರೆ ಆ ಭಾಗ ಸತ್ತಿದೆ. ಕೆಲವೇ ದಿನಗಳಲ್ಲಿ ಅದರ ಮೇಲೆ ಹಸಿರು ಪಾಚಿ ಕೂರುತ್ತದೆ.

ಬದುಕಿದ್ದರೆ ದೀಪವನ್ನು ಅರ್ಧಕ್ಕೆ ಇಳಿಸಿ, ಆಮೇಲೆ ವಾರಕ್ಕೆ ಶೇ. 5ರಂತೆ ಏರಿಸಿ. ಉಷ್ಣತೆ 25–26 ಡಿಗ್ರಿಯಲ್ಲಿರಲಿ. ವಾರಕ್ಕೆರಡು ಸಲ ಸಣ್ಣ ಆಹಾರ ಕೊಡಿ, ಈಗ ಅದಕ್ಕೆ ಒಳಗಿನ ಅಡುಗೆಮನೆ ಇಲ್ಲ. ಬಣ್ಣ ಮರಳಲು ವಾರಗಳೇ ಹಿಡಿಯುತ್ತವೆ. ಅಷ್ಟರಲ್ಲಿ ಜಾಗ ಬದಲಿಸುತ್ತಾ ಇರಬೇಡಿ.

ಪ್ರಶ್ನೆ: ನೈಟ್ರೇಟ್, ಫಾಸ್ಫೇಟ್ ಎರಡನ್ನೂ ಸೊನ್ನೆಗೆ ತಂದಿದ್ದೇನೆ. ಆದರೂ ಮರಳಿನ ಮೇಲೆ ಗುಳ್ಳೆಗಳಿರುವ ಕಂದು ಲೋಳೆ, ಹವಳದ ಬಣ್ಣವೂ ಮಾಸಿದೆ.

ಉತ್ತರ: ತೊಂದರೆ ಆ ಸೊನ್ನೆಯಲ್ಲೇ ಇರುವಂತಿದೆ. ಹವಳಕ್ಕೂ ಅದರೊಳಗಿನ ಪಾಚಿಗೂ ಸ್ವಲ್ಪ ಸಾರಜನಕ, ರಂಜಕ ಬೇಕು. ಎರಡೂ ಇಲ್ಲದ ನೀರಿನಲ್ಲಿ ಉಳಿದ ಪಾಚಿಗಳು ಸೋತು ಡೈನೋಫ್ಲಾಜೆಲೇಟ್‌ ಎಂಬ ಏಕಕೋಶ ಜೀವಿಗಳು ಮೇಲುಗೈ ಸಾಧಿಸುತ್ತವೆ, ನಿಮ್ಮ ಕಂದು ಲೋಳೆ ಅವೇ ಇರಬೇಕು. ಫಾಸ್ಫೇಟ್ ಹೀರುವ ಮಾಧ್ಯಮವನ್ನು ತೆಗೆದುಹಾಕಿ, ಮೀನಿಗೆ ಆಹಾರ ಹೆಚ್ಚಿಸಿ, ನೈಟ್ರೇಟ್ 5 ಪಿಪಿಎಂ, ಫಾಸ್ಫೇಟ್ 0.05 ಪಿಪಿಎಂ ಸುತ್ತ ನಿಲ್ಲಿಸಿ. ಲೋಳೆ ಕಂಡಿತೆಂದು ಮೇಲಿಂದ ಮೇಲೆ ನೀರು ಬದಲಿಸಿದರೆ ಪೋಷಕಾಂಶ ಮತ್ತೆ ಇಳಿದು ಅದು ಇನ್ನೂ ಹಬ್ಬಬಹುದು.

ಪ್ರಶ್ನೆ: ತೊಟ್ಟಿಯ ನೀರು ದಿನಕ್ಕೆ 2 ಲೀಟರ್ ಆವಿಯಾಗುತ್ತದೆ. ಉಪ್ಪುನೀರನ್ನೇ ತುಂಬಿಸಬೇಕೇ?

ಉತ್ತರ: ಖಂಡಿತ ಬೇಡ. ಆವಿಯಾಗುವುದು ನೀರು, ಉಪ್ಪು ಅಲ್ಲೇ ಉಳಿಯುತ್ತದೆ. ದಿನಕ್ಕೆ 2 ಲೀಟರ್ ಉಪ್ಪುನೀರು ಸೇರಿಸಿದರೆ ಹತ್ತು ದಿನಕ್ಕೆ 700 ಗ್ರಾಂ ಉಪ್ಪು ಹೆಚ್ಚಾಯಿತು, 100 ಲೀಟರಿನಲ್ಲಿ ಲೀಟರಿಗೆ 35 ಗ್ರಾಂ ಇದ್ದ ಲವಣಾಂಶ 42ಕ್ಕೆ ಹೋಯಿತು. ತುಂಬಿಸಬೇಕಾದದ್ದು ಟಿಡಿಎಸ್ (ಕರಗಿದ ಲವಣಗಳ ಪ್ರಮಾಣ) ಸೊನ್ನೆ ಇರುವ ಆರ್‌ಒ-ಡಿಐ ನೀರು, ಅಂದರೆ ಆರ್‌ಒ ಆದಮೇಲೆ ಉಳಿದ ಅಯಾನುಗಳನ್ನೂ ತೆಗೆದ ನೀರು.

ಪ್ರಶ್ನೆ: ಒಂದು ಕಲ್ಲಿನ ತುಂಬ ಪ್ಯಾಲಿಥೋವಾ (ಗುಂಡಿಯಾಕಾರದ, ಹವಳದ ಬಳಗದ ಜೀವಿ) ಹಬ್ಬಿದೆ. ಕುದಿಯುವ ನೀರು ಸುರಿದು ತೆಗೆಯಬಹುದೇ?

ಉತ್ತರ: ದಯವಿಟ್ಟು ಬೇಡ. ಪ್ಯಾಲಿಥೋವಾದಲ್ಲೂ ಅದರ ಬಳಗದ ಇತರ ಜೊವಾಂಥಿಡ್‌ಗಳಲ್ಲೂ ಪ್ಯಾಲಿಟಾಕ್ಸಿನ್ ಎಂಬ ಬಲವಾದ ವಿಷ ಇರಬಹುದು. ಕುದಿಸಿದರೆ ಅದು ಹಬೆಯ ಜೊತೆ ಉಸಿರಿಗೆ ಸೇರುತ್ತದೆ, ಹೀಗೆ ಇಡೀ ಮನೆಯವರು ಆಸ್ಪತ್ರೆ ಸೇರಿದ ಪ್ರಕರಣಗಳಿವೆ. ಒಣಗಿಸಿ ಬ್ರಷ್‌ನಿಂದ ಉಜ್ಜುವುದೂ ಅಪಾಯ. ಸಾಧ್ಯವಾದರೆ ಆ ಕಲ್ಲನ್ನೇ ತೊಟ್ಟಿಯಿಂದ ತೆಗೆದುಬಿಡಿ. ಕತ್ತರಿಸಲೇಬೇಕೆಂದಿದ್ದರೆ ಕೈಗವಸು, ಕಣ್ಣಿಗೆ ಮುಚ್ಚುಗನ್ನಡಕ ಹಾಕಿಕೊಂಡು, ಬಯಲಿನಲ್ಲಿ, ತೊಟ್ಟಿಯ ನೀರು ತುಂಬಿದ ಬಕೆಟ್ಟಿನೊಳಗೇ ಮುಳುಗಿಸಿ ಕತ್ತರಿಸಿ. ಕೈಯಲ್ಲಿ ಗಾಯವಿದ್ದರೆ ಆ ದಿನ ಬಿಟ್ಟುಬಿಡಿ. ಬಳಸಿದ ಬ್ಲೇಡ್, ಗವಸುಗಳನ್ನು 1 ಪಾಲು ಮನೆಬಳಕೆಯ ಬ್ಲೀಚ್, 9 ಪಾಲು ನೀರಿನಲ್ಲಿ ಅರ್ಧ ಗಂಟೆ ನೆನೆಸಿಡಿ. ಆಮೇಲೆ ಬಾಯಲ್ಲಿ ಲೋಹದ ರುಚಿ, ಜ್ವರ, ಕೆಮ್ಮು, ಉಸಿರುಕಟ್ಟುವಿಕೆ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ, ಪ್ಯಾಲಿಟಾಕ್ಸಿನ್ ಎಂಬ ಹೆಸರನ್ನು ವೈದ್ಯರಿಗೆ ನೀವೇ ಹೇಳಿ.