ಗುಂಡಿ ಬಂದರೆ ಕಾರು ತಾನೇ ತಿರುಗುತ್ತದೆ, ಏಕೆ?

ಪ್ರಶ್ನೆ: ನನ್ನದು 1965ರ ಎರಡು ಬಾಗಿಲಿನ ಕಾರು. ಮುಂದಿನ ಚಕ್ರಗಳಿಗೆ ಮೇಲೊಂದು, ಕೆಳಗೊಂದು ವಿಶ್‌ಬೋನ್ (ಚಕ್ರವನ್ನು ಬಾಡಿಗೆ ಜೋಡಿಸುವ, ಮೇಲೆ ಕೆಳಗೆ ಆಡುವ ತೋಳು) ಇದೆ. ಹಳೆಯ ಸ್ಟಿಯರಿಂಗ್ ಬಾಕ್ಸ್ ತೆಗೆಸಿ ಬೇರೆ ಕಾರಿನ ರ್ಯಾಕ್ (ಸ್ಟಿಯರಿಂಗ್ ತಿರುಗಿಸಿದಾಗ ಎಡ, ಬಲಕ್ಕೆ ಸರಿಯುವ ಹಲ್ಲಿನ ಸರಳು) ಕೂರಿಸಿದ್ದೇನೆ. ಸ್ಪ್ರಿಂಗ್ ಬದಲಿಸಿ 50 ಮಿ.ಮೀ. ತಗ್ಗಿಸಿದ್ದೇನೆ. ನೋಡಲು ಚೆನ್ನಾಗಿದೆ. ಆದರೆ ಒಂದು ಚಕ್ರ ಗುಂಡಿಗೆ ಇಳಿದರೆ ಸಾಕು, ಸ್ಟಿಯರಿಂಗ್ ಬಿಗಿಯಾಗಿ ಹಿಡಿದಿದ್ದರೂ ಕಾರು ಪಕ್ಕಕ್ಕೆ ಹಾರುತ್ತದೆ. ಮೂರು ಸಲ ಅಲೈನ್‌ಮೆಂಟ್ ಮಾಡಿಸಿದೆ. ಪ್ರತಿ ಸಲವೂ ‘ಎಲ್ಲ ಸರಿ ಇದೆ’ ಅನ್ನುತ್ತಾರೆ. ಏನು ಮಾಡಲಿ?

ಉತ್ತರ: ಅವರು ಹೇಳಿದ್ದು ಸುಳ್ಳಲ್ಲ. ಅಲೈನ್‌ಮೆಂಟ್ ನೋಡುವುದು ಕಾರು ನಿಂತಾಗ. ನಿಮ್ಮ ಕಾರಿನ ರೋಗ ಕಾಣುವುದು ಚಕ್ರ ಮೇಲೆ ಕೆಳಗೆ ಆಡಿದಾಗ. ಇದಕ್ಕೆ ಬಂಪ್ ಸ್ಟಿಯರ್ ಅನ್ನುತ್ತಾರೆ.

ಚಕ್ರ ಮೇಲೆದ್ದಾಗ ವಿಶ್‌ಬೋನಿನ ತುದಿ ಕಮಾನಿನ ಹಾಗೆ ಚಲಿಸುತ್ತದೆ. ರ್ಯಾಕ್‌ನಿಂದ ಚಕ್ರಕ್ಕೆ ಹೋಗುವ ಸರಳು ಟೈ ರಾಡ್. ಅದರ ತುದಿಗೂ ತನ್ನದೇ ಒಂದು ಕಮಾನು ಇದೆ. ಎರಡೂ ಹೊಂದಿಕೊಂಡರೆ ಚಕ್ರ ನೇರವಾಗಿರುತ್ತದೆ. ಹೊಂದದಿದ್ದರೆ ಟೈ ರಾಡ್ ಚಕ್ರವನ್ನು ಎಳೆಯುತ್ತದೆ, ಇಲ್ಲವೇ ತಳ್ಳುತ್ತದೆ. ಕಾರು ಕಟ್ಟಿದವರು ಟೈ ರಾಡ್ ಎಲ್ಲಿರಬೇಕು ಅಂತ ಲೆಕ್ಕ ಹಾಕಿಯೇ ಇಟ್ಟಿದ್ದರು. ನೀವು ಬೇರೆ ಕಾರಿನ ಲೆಕ್ಕ ತಂದು ಇದಕ್ಕೆ ಬೋಲ್ಟ್ ಮಾಡಿದ್ದೀರಿ. ಸಾಲದ್ದಕ್ಕೆ ಕಾರು ತಗ್ಗಿಸಿದ್ದರಿಂದ ಚಕ್ರ ಈಗ ಆಡುವ ಜಾಗವೇ ಬೇರೆ.

ಬೈಯುತ್ತಿಲ್ಲ. ನಾನೂ ಇದನ್ನೇ ಮಾಡಿದವನು. ಆಗ ತಪ್ಪು ಟೈರಿನದು ಅಂದುಕೊಂಡು ಎರಡು ಹೊಸ ಟೈರ್ ಹಾಕಿದೆ. ಆಮೇಲೆ ಡ್ಯಾಂಪರ್ (ಶಾಕ್ ಅಬ್ಸಾರ್ಬರ್) ಬದಲಿಸಿದೆ. ಕಾರು ಮೊದಲಿನಂತೆಯೇ ಹಾರುತ್ತಿತ್ತು, ಹೊಸ ಟೈರಿನ ಮೇಲೆ. ಕೊನೆಗೆ ಅಳೆದು ನೋಡುವ ಬುದ್ಧಿ ಬಂತು. ನೀವು ಅಲ್ಲಿಂದಲೇ ಶುರು ಮಾಡಿ.

ಅದಕ್ಕೂ ಮೊದಲು ಬಾಲ್ ಜಾಯಿಂಟ್, ವೀಲ್ ಬೇರಿಂಗ್, ವಿಶ್‌ಬೋನ್ ಬುಷ್, ರ್ಯಾಕ್ ಹಿಡಿದಿರುವ ಬ್ರ್ಯಾಕೆಟ್, ಎಲ್ಲ ಅಲ್ಲಾಡಿಸಿ ನೋಡಿ. ಎಲ್ಲಾದರೂ ಆಟ ಇದ್ದರೆ ಅಳತೆಗೆ ಅರ್ಥವಿಲ್ಲ.

ಕಾರು ನೆಲದ ಮೇಲಿದ್ದಾಗ ಹಬ್‌ನ (ಚಕ್ರ ಬೋಲ್ಟ್ ಆಗುವ ಭಾಗದ) ನಡುವಿನಿಂದ ಮಡ್‌ಗಾರ್ಡ್ ಅಂಚಿಗೆ ಎಷ್ಟು ಅಂತ ಬರೆದಿಡಿ. ಬಾಡಿಯನ್ನು ಸ್ಟ್ಯಾಂಡ್ ಮೇಲೆ ಭದ್ರವಾಗಿ ಕೂರಿಸಿ, ಚಕ್ರ ಮತ್ತು ಸ್ಪ್ರಿಂಗ್ ತೆಗೆಯಿರಿ. ಸ್ಪ್ರಿಂಗ್ ಒತ್ತಿ ಹಿಡಿಯುವ ಸರಿಯಾದ ಸಾಧನ ಇಲ್ಲದೆ ಆ ಕೆಲಸಕ್ಕೆ ಕೈ ಹಾಕಬೇಡಿ. ಒತ್ತಿಟ್ಟ ಸ್ಪ್ರಿಂಗ್ ಚಿಮ್ಮಿದರೆ ಜೀವಕ್ಕೇ ಅಪಾಯ. ರ್ಯಾಕ್ ಸರಿಯಾಗಿ ನಡುವಿಗೆ ತಂದು ಅಲುಗದಂತೆ ಕಟ್ಟಿ. ಇದನ್ನು ಮರೆತು ನಾನು ಒಂದಿಡೀ ಭಾನುವಾರ ಕಳೆದಿದ್ದೇನೆ. ಎಡಕ್ಕೊಂದು ಲೆಕ್ಕ, ಬಲಕ್ಕೊಂದು ಲೆಕ್ಕ ಬರುತ್ತಿತ್ತು.

ಈಗ ಹಬ್‌ಗೆ ಒಂದು ಚಪ್ಪಟೆ ಹಲಗೆ ಬೋಲ್ಟ್ ಮಾಡಿ. ಅದರ ಮುಂದಿನ ಅಂಚಿಗೊಂದು, ಹಿಂದಿನ ಅಂಚಿಗೊಂದು ಡಯಲ್ ಗೇಜ್ (ಸಣ್ಣ ಸರಿದಾಟವನ್ನೂ ಮುಳ್ಳಿನಿಂದ ತೋರಿಸುವ ಅಳತೆ ಸಾಧನ) ತಾಗಿಸಿ. ಕೆಳಗೆ ಜಾಕ್ ಕೊಟ್ಟು ಬರೆದಿಟ್ಟ ಎತ್ತರಕ್ಕೆ ಹಬ್ ತನ್ನಿ. ಅಲ್ಲಿಂದ 10 ಮಿ.ಮೀ.ನಂತೆ ಮೇಲಕ್ಕೆ 50, ಕೆಳಕ್ಕೆ 50 ಹೋಗಿ. ಪ್ರತಿ ಸಲ ಎರಡು ಗೇಜ್‌ಗಳ ವ್ಯತ್ಯಾಸ ಬರೆಯಿರಿ. ಟೋ, ಅಂದರೆ ಚಕ್ರದ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ, ಎಷ್ಟು ಬದಲಾಯಿತು ಅನ್ನುವುದೇ ಅದು. ಚೌಕುಳಿ ಹಾಳೆಯಲ್ಲಿ ಚುಕ್ಕಿ ಇಟ್ಟು ಗೆರೆ ಎಳೆಯಿರಿ.

ಗೆರೆ ನೇರವಾಗಿದ್ದು ಓರೆಯಾಗಿದ್ದರೆ ಟೈ ರಾಡ್‌ನ ಯಾವುದೋ ಒಂದು ತುದಿಯ ಎತ್ತರ ತಪ್ಪಿದೆ. ರ್ಯಾಕ್ ಏರಿಸಿ, ಇಳಿಸಿ ನೋಡಿ. ಇಲ್ಲವೇ ಹೊರತುದಿಯಲ್ಲಿ ಶಿಮ್ (ತೆಳು ಲೋಹದ ಬಿಲ್ಲೆ) ಹಾಕಿ ಹೊಂದಿಸುವ ಜಾಯಿಂಟ್ ಹಾಕಿ. ಯಾವ ಕಡೆಗೆ ಅಂತ ತಲೆ ಕೆಡಿಸಿಕೊಳ್ಳಬೇಡಿ. 3 ಮಿ.ಮೀ. ಸರಿಸಿ ಮತ್ತೆ ಅಳೆಯಿರಿ, ಗೆರೆಯೇ ಹೇಳುತ್ತದೆ.

ಗೆರೆ ಬಿಲ್ಲಿನಂತೆ ಬಾಗಿ, ಮೇಲೆ ಹೋದರೂ ಕೆಳಗೆ ಬಂದರೂ ಒಂದೇ ಕಡೆಗೆ ವಾಲಿದರೆ ಕಷ್ಟ. ಆಗ ತಪ್ಪಿರುವುದು ಟೈ ರಾಡ್‌ನ ಉದ್ದ. ಥ್ರೆಡ್ ತಿರುಗಿಸಿದರೆ ಇದು ಸರಿಹೋಗುವುದಿಲ್ಲ, ಅದರಿಂದ ಟೋ ಮಾತ್ರ ಬದಲಾಗುತ್ತದೆ. ರ್ಯಾಕ್‌ನ ಎರಡು ಒಳ ಜಾಯಿಂಟ್‌ಗಳ ನಡುವಿನ ಅಂತರವೇ ನಿಮ್ಮ ಕಾರಿಗೆ ಹೊಂದುತ್ತಿಲ್ಲ. ಸರಿಯಾದ ಅಗಲದ ರ್ಯಾಕ್ ಹುಡುಕುವುದೇ ದಾರಿ. ನಿಮ್ಮ ಪತ್ರ ಓದಿದರೆ ನನಗೆ ಇದರದೇ ಅನುಮಾನ ಜಾಸ್ತಿ. ಎರಡೂ ಸೇರಿರಬಹುದು, ನನ್ನ ಕಾರಿನಲ್ಲಿ ಸೇರಿತ್ತು. 50 ಮಿ.ಮೀ. ಏರಿದರೆ ಟೋ 6 ಮಿ.ಮೀ. ಬದಲಾಗುತ್ತಿತ್ತು. ರ್ಯಾಕ್ ಬದಲಿಸಿ, ಶಿಮ್ ಹಾಕಿ ಅರ್ಧ ಮಿ.ಮೀ.ಗೆ ತಂದೆ. ಪೂರ್ತಿ ಸೊನ್ನೆಯ ಆಸೆ ಬಿಡಿ.

ಸ್ಟಿಯರಿಂಗ್ ಆರ್ಮ್ (ಟೈ ರಾಡ್ ಹಿಡಿದು ಚಕ್ರ ತಿರುಗಿಸುವ ತೋಳು) ಕಾಯಿಸಿ ಬಗ್ಗಿಸಿಕೊಡುತ್ತೇವೆ ಅಂತ ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಹದ ಕೊಟ್ಟ ಉಕ್ಕು ಅದು. ಬೆಂಕಿ ತೋರಿಸಿದರೆ ಹದ ಹೋಗುತ್ತದೆ, ಯಾವತ್ತು ಮುರಿಯುತ್ತದೋ ಹೇಳಲಾಗದು.

ಪ್ರಶ್ನೆ: ಹಳೆಯ ಕಾರಿಗೆ ಅಗಲದ ರೇಡಿಯಲ್ ಟೈರ್ ಹಾಕಿದ ಮೇಲೆ ತಿರುವು ಮುಗಿದರೂ ಸ್ಟಿಯರಿಂಗ್ ತಾನಾಗಿ ವಾಪಸ್ ಬರುವುದಿಲ್ಲ. ಏಕೆ?

ಉತ್ತರ: ಕ್ಯಾಸ್ಟರ್ ಕಡಿಮೆ ಇರುವಂತಿದೆ. ಪಕ್ಕದಿಂದ ನೋಡಿದರೆ ಚಕ್ರ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ ಅದು, ಸ್ಟಿಯರಿಂಗ್ ವಾಪಸ್ ತರುವುದು ಅದೇ. ರೇಡಿಯಲ್‌ಗೆ ಮೊದಲಿನ ಕ್ರಾಸ್ ಪ್ಲೈ ಟೈರಿನ ಕಾಲದಲ್ಲಿ, ಪವರ್ ಸ್ಟಿಯರಿಂಗ್ ಇಲ್ಲದಾಗ, ಕೈಗೆ ಹಗುರವಾಗಲಿ ಅಂತ ಎಷ್ಟೋ ಕಾರುಗಳಿಗೆ ಒಂದೆರಡು ಡಿಗ್ರಿ ಅಷ್ಟೇ ಕೊಡುತ್ತಿದ್ದರು. ರೇಡಿಯಲ್‌ಗೆ ಸ್ವಲ್ಪ ಜಾಸ್ತಿ ಬೇಕು. ಶಿಮ್‌ನಿಂದ ಒಂದೊಂದೇ ಡಿಗ್ರಿ ಏರಿಸಿ, ಎರಡೂ ಕಡೆ ಒಂದೇ ಸಮ ಇರಲಿ. ಸ್ಟಿಯರಿಂಗ್ ಭಾರವಾಗುತ್ತದೆ, ಅದು ತಪ್ಪಿದ್ದಲ್ಲ. ಸ್ಪೇಸರ್ ಹಾಕಿ ಚಕ್ರ ಹೊರಗೆ ತಳ್ಳಿದ್ದೀರಾ? ಹಾಗಿದ್ದರೆ ಮೊದಲು ಅದನ್ನು ತೆಗೆದು ಓಡಿಸಿ ನೋಡಿ.

ಪ್ರಶ್ನೆ: ರ್ಯಾಕ್ ಅನ್ನು ಆಕ್ಸಲ್‌ನ ಮುಂದಕ್ಕೆ ತರಲು ಎಡ, ಬಲದ ಸ್ಟಿಯರಿಂಗ್ ಆರ್ಮ್ ಅದಲುಬದಲು ಮಾಡಿಸಿದೆ. ಈಗ ನಿಧಾನವಾಗಿ ಪೂರ್ತಿ ತಿರುಗಿಸಿದರೆ ಟೈರ್ ಕಿರುಚುತ್ತದೆ.

ಉತ್ತರ: ಕಿರುಚಲೇಬೇಕು. ತಿರುವಿನಲ್ಲಿ ಒಳಗಿನ ಚಕ್ರ ಹೊರಗಿನದಕ್ಕಿಂತ ಜಾಸ್ತಿ ತಿರುಗಬೇಕು. ಇದು ಕುದುರೆ ಗಾಡಿಯ ಕಾಲದ ಲೆಕ್ಕ. 1818ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದವರು ರುಡಾಲ್ಫ್ ಆಕರ್‌ಮನ್. ಕಂಡುಹಿಡಿದವರು ಮ್ಯೂನಿಕ್‌ನ ಗಾಡಿ ತಯಾರಕ ಲಂಕೆನ್‌ಸ್ಪರ್ಗರ್. ಹೆಸರು ಉಳಿದದ್ದು ಮಾತ್ರ ಆಕರ್‌ಮನ್‌ರದು, ಪಾಪ. ಆರ್ಮ್ ಆಕ್ಸಲ್‌ನ ಹಿಂದಿದ್ದಾಗ ಒಳಮುಖವಾಗಿರಬೇಕು, ಮುಂದಿದ್ದಾಗ ಹೊರಮುಖವಾಗಿರಬೇಕು. ನಿಮ್ಮವು ಮುಂದೆ ಬಂದೂ ಒಳಮುಖವಾಗಿಯೇ ಉಳಿದಿವೆ. ಹಾಗಾಗಿ ಹೊರಗಿನ ಚಕ್ರವೇ ಜಾಸ್ತಿ ತಿರುಗುತ್ತಿದೆ. ಮುಂದೆ ರ್ಯಾಕ್ ಇರುವ ಕಾರಿಗೆಂದೇ ಮಾಡಿದ ಆರ್ಮ್ ಸಿಕ್ಕರೆ ಹಾಕಿ. ಸಿಗದಿದ್ದರೆ ರ್ಯಾಕ್ ಹಿಂದಕ್ಕೇ ಹೋಗಲಿ.