ರಕ್ತನಾಳ ಸಿಗದ ಗಾಯಾಳು: ಹೊಸಬರಿಗೆ ಮೊದಲು ಏನನ್ನು ಕಲಿಸಬೇಕು?

ರಸ್ತೆ ಅಪಘಾತದಲ್ಲಿ ವಿಪರೀತ ರಕ್ತ ಹೋಗಿ ಬಂದವರಿಗೆ ಐವಿ ಲೈನ್ ಹಾಕುವಾಗ ಹೊಸ ನರ್ಸ್‌ಗಳೂ ಹೌಸ್ ಸರ್ಜನ್‌ಗಳೂ ಗಲಿಬಿಲಿಗೊಳ್ಳುತ್ತಾರೆ, ಅವರಿಗೆ ಹೇಗೆ ತರಬೇತಿ ಕೊಡಬೇಕು ಎಂದು ತಾಲ್ಲೂಕು ಆಸ್ಪತ್ರೆಯ ಹಿರಿಯ ಶುಶ್ರೂಷಕಿಯಾದ ತಾವು ಕೇಳಿದ್ದೀರಿ. ತುರ್ತು ಚಿಕಿತ್ಸಾ ವಿಭಾಗದಲ್ಲಿ ಹಲವು ವರ್ಷಗಳಿಂದ ಇದನ್ನೇ ಕಲಿಸುತ್ತಿರುವ ನನಗೆ ಅನ್ನಿಸಿರುವುದು ಇಷ್ಟು: ಸೂಜಿ ಚುಚ್ಚುವುದನ್ನು ಯಾರು ಬೇಕಾದರೂ ತಿಂಗಳೊಪ್ಪತ್ತಿನಲ್ಲಿ ಕಲಿಯುತ್ತಾರೆ; ಎಷ್ಟು ಬಾರಿ ಚುಚ್ಚಿದ ಮೇಲೆ ಕೈ ಬಿಡಬೇಕು ಎಂಬುದನ್ನು ಕಲಿಸುವುದೇ ಕಷ್ಟ, ಆದ್ದರಿಂದ ಪಾಠ ಅಲ್ಲಿಂದಲೇ ಆರಂಭವಾಗಬೇಕು.

ನಾನು ಹೌಸ್ ಸರ್ಜನ್ ಆಗಿದ್ದಾಗ, ತೊಡೆಮೂಳೆ ಮುರಿದು ಬಂದ ಯುವಕನೊಬ್ಬನ ಕೈಗೆ ಒಂದು ರಾತ್ರಿ ಐದು ಬಾರಿ ಚುಚ್ಚಿದ್ದೆ. ಐದನೆಯ ಸಲ ಹಸ್ತದ ಹಿಂಬದಿಯಲ್ಲಿ ತೆಳುವಾದ ನೀಲಿ ಕ್ಯಾನುಲಾ (ರಕ್ತನಾಳದಲ್ಲಿ ಉಳಿಯುವ ಪ್ಲಾಸ್ಟಿಕ್ ಕೊಳವೆ) ಒಂದು ನಿಂತಿತು. ಅದರಲ್ಲಿ ಸಲೈನ್ ತೊಟ್ಟಿಕ್ಕುವುದನ್ನು ಕಂಡು ನನಗೆ ಸಮಾಧಾನವಾಯಿತೇ ಹೊರತು ರೋಗಿಗೆ ಏನೂ ಪ್ರಯೋಜನವಾಗಲಿಲ್ಲ. ಹಿರಿಯರೊಬ್ಬರು ಬಂದು, ಮಾತಾಡದೆ, ಮೊಣಕೈ ಮಡಿಕೆಯಲ್ಲಿ ದಪ್ಪನೆಯ ಬೂದು ಬಣ್ಣದ್ದನ್ನು ಹಾಕಿದರು. ಆತ ಉಳಿದ, ಆದರೆ ನನ್ನ ಹಟಕ್ಕೆ ಹನ್ನೆರಡು ನಿಮಿಷ ಹೋಗಿತ್ತು.

ಹಾಗಾಗಿ ನನ್ನ ಮೊದಲ ತರಗತಿಯಲ್ಲಿ ಯಾರೂ ಯಾರಿಗೂ ಚುಚ್ಚುವುದಿಲ್ಲ. ಒಂದೇ ಎತ್ತರದಲ್ಲಿ ಎರಡು ಸಲೈನ್ ಬಾಟಲಿ ತೂಗುಹಾಕಿ, ಒಂದಕ್ಕೆ 22 ಗೇಜಿನ ನೀಲಿ ಕ್ಯಾನುಲಾ, ಇನ್ನೊಂದಕ್ಕೆ 16 ಗೇಜಿನ ಬೂದು ಕ್ಯಾನುಲಾ (ಗೇಜ್ ಸಂಖ್ಯೆ ಕಡಿಮೆಯಾದಷ್ಟೂ ಕೊಳವೆ ದಪ್ಪ) ಜೋಡಿಸಿ, ಒಂದು ನಿಮಿಷ ಅಳತೆಯ ಜಾಡಿಗೆ ಹರಿಯಬಿಡುತ್ತೇನೆ. ನೀಲಿಯಲ್ಲಿ ಸುಮಾರು 35 ಮಿ.ಲೀ. ಬರುವ ಹೊತ್ತಿಗೆ ಬೂದು ಬಣ್ಣದ್ದರಲ್ಲಿ 180 ಮಿ.ಲೀ. ಆಸುಪಾಸು ಬಂದಿರುತ್ತದೆ. ಕೊಳವೆಯ ಒಳತ್ರಿಜ್ಯ ಎರಡರಷ್ಟಾದರೆ ಹರಿವು ಹದಿನಾರು ಪಟ್ಟಾಗುತ್ತದೆ, ಉದ್ದ ಹೆಚ್ಚಿದಷ್ಟೂ ಹರಿವು ಕುಗ್ಗುತ್ತದೆ ಎಂಬ ನಿಯಮವನ್ನು ಪುಸ್ತಕದಲ್ಲಿ ಓದಿ ಮರೆತವರು ಈ ಎರಡು ಜಾಡಿಗಳನ್ನು ಮರೆಯುವುದಿಲ್ಲ. ಕುತ್ತಿಗೆಗೆ ಹಾಕುವ ಉದ್ದನೆಯ ಸೆಂಟ್ರಲ್ ಲೈನಿಗಿಂತ ಗಿಡ್ಡ, ದಪ್ಪ ಕ್ಯಾನುಲಾದಲ್ಲಿ ರಕ್ತ ಬೇಗ ಹೋಗುವುದೇಕೆ ಎಂಬುದೂ ಆಗಲೇ ತಿಳಿಯುತ್ತದೆ. ದೊಡ್ಡವರಿಗೆ ಕನಿಷ್ಠ 18 ಗೇಜಿನ ಹಸಿರು, ಅದೂ ಎರಡು, ಎಂಬ ಮಾತಿಗೆ ಇದೇ ಆಧಾರ.

ಜಾಗದ ವಿಚಾರವನ್ನು ಹೆಚ್ಚು ಬೆಳೆಸುವುದಿಲ್ಲ. ಮೊಣಕೈ ಮಡಿಕೆ ಮೊದಲ ಆಯ್ಕೆ. ಮೂಳೆ ಮುರಿದ ಕೈಕಾಲು ಬೇಡ. ಹೊಟ್ಟೆ ಅಥವಾ ಸೊಂಟದ ಮೂಳೆಗೆ ಪೆಟ್ಟಾಗಿದ್ದರೆ ಕಾಲಿನಿಂದ ಕೊಟ್ಟ ರಕ್ತ ಹೃದಯ ಸೇರುವ ಮೊದಲೇ ಸೋರಿಹೋಗಬಹುದಾದ್ದರಿಂದ ಕೈಗೇ ಹಾಕಬೇಕು. ಲೈನ್ ಹಾಕುವಾಗಲೇ ರಕ್ತದ ಗುಂಪು ಮತ್ತು ಕ್ರಾಸ್ ಮ್ಯಾಚ್ (ಕೊಡುವ ರಕ್ತ ರೋಗಿಗೆ ಹೊಂದುತ್ತದೆಯೇ ಎಂಬ) ಪರೀಕ್ಷೆಗೆ ರಕ್ತ ತೆಗೆದಿಟ್ಟುಕೊಳ್ಳುವುದನ್ನು ಅಭ್ಯಾಸ ಮಾಡಿಸಿ. ಹೊಸಬರ ಒಂದು ತಪ್ಪನ್ನು ಮಾತ್ರ ಹತ್ತಿರ ನಿಂತು ತಿದ್ದಬೇಕಾಗುತ್ತದೆ: ಕ್ಯಾನುಲಾದ ಹಿಂಬದಿಯ ಪುಟ್ಟ ಕೋಶದಲ್ಲಿ ರಕ್ತ ಕಂಡ ತಕ್ಷಣ ಅವರು ಸೂಜಿಯನ್ನು ಹಿಂದಕ್ಕೆ ಎಳೆದುಬಿಡುತ್ತಾರೆ. ಆ ಕ್ಷಣದಲ್ಲಿ ನಾಳದೊಳಗಿರುವುದು ಸೂಜಿಯ ಮೊನೆ ಮಾತ್ರ, ಪ್ಲಾಸ್ಟಿಕ್ ಇನ್ನೂ ಹೊರಗೇ ಇರುತ್ತದೆ. ಕೋನವನ್ನು ತಗ್ಗಿಸಿ ಒಂದೆರಡು ಮಿಲಿಮೀಟರ್ ಮುಂದಕ್ಕೆ ಹೋಗಿ, ಆಮೇಲೆ ಪ್ಲಾಸ್ಟಿಕ್ಕನ್ನು ಜಾರಿಸಬೇಕು.

ಎರಡನೆಯ ತರಗತಿ ಮೂಳೆಯದು: ರಕ್ತನಾಳ ಸಿಗದಾಗ ಮೂಳೆಯೊಳಗಿನ ಮಜ್ಜೆಗೆ ಸೂಜಿ ಹಾಕಿ ಅಲ್ಲಿಂದಲೇ ದ್ರವ ಕೊಡುವುದು. ಕಟುಕರ ಅಂಗಡಿಯಿಂದ ಕುರಿಯ ಕಾಲುಮೂಳೆ, ಮಕ್ಕಳ ಮೂಳೆಗೆ ಹೋಲಿಕೆಯಾಗಿ ಕೋಳಿಯ ಕಾಲು ತರಿಸುತ್ತೇನೆ (ಸೂಪಿಗೆ ತುಂಡು ಮಾಡಿಕೊಡಲೇ ಎಂದು ಅಂಗಡಿಯವರು ಪ್ರತಿ ಸಲವೂ ಕೇಳುತ್ತಾರೆ). ಸೂಜಿಯನ್ನು ಒತ್ತಿ ತಿರುಗಿಸುತ್ತಿದ್ದಂತೆ ಗಟ್ಟಿ ಪದರ ಮುಗಿದು ಕೈ ತಟ್ಟನೆ ಹಗುರಾಗುತ್ತದೆ, ಸೂಜಿ ಬಿಟ್ಟರೂ ನೆಟ್ಟಗೆ ನಿಲ್ಲುತ್ತದೆ; ಈ ಅನುಭವವನ್ನು ಮಾತಿನಲ್ಲಿ ಕೊಡಲಾಗುವುದಿಲ್ಲ. ರೋಗಿಯಲ್ಲಿ ಮೊಣಕಾಲಿನ ಕೆಳಗಿನ ಉಬ್ಬಿನ ಒಳಬದಿಯ ಚಪ್ಪಟೆ ಮೂಳೆಯೇ ಇದಕ್ಕೆ ಸುಲಭದ ಜಾಗ. ಆ ಮೂಳೆ ಮುರಿದಿದ್ದರೆ ಬೇರೆ ಕಡೆ ನೋಡಬೇಕು, ಮತ್ತು ಹಾಕಿದ್ದನ್ನು 24 ಗಂಟೆಯೊಳಗೆ ತೆಗೆಯಬೇಕು. ಎಚ್ಚರವಿರುವ ರೋಗಿಗೆ ಚುಚ್ಚುವುದಕ್ಕಿಂತ ದ್ರವ ಬಿಡುವಾಗ ನೋವು ಹೆಚ್ಚಾಗುವುದರಿಂದ ವೈದ್ಯರು ಮೊದಲು ಲಿಗ್ನೊಕೇನ್ ಎಂಬ ಮರಗಟ್ಟಿಸುವ ಔಷಧಿ ಕೊಡಿಸುತ್ತಾರೆ. ಎರಡನೆಯ ಮಹಾಯುದ್ಧದಲ್ಲಿ ಬಳಕೆಯಲ್ಲಿದ್ದ ಈ ವಿಧಾನ ಪ್ಲಾಸ್ಟಿಕ್ ಕ್ಯಾನುಲಾ ಬಂದ ಮೇಲೆ ಮರೆತುಹೋಗಿತ್ತು. ಓರ್ಲೋವ್ಸ್ಕಿ ಎಂಬ ಅಮೆರಿಕದ ಮಕ್ಕಳ ವೈದ್ಯರು ಭಾರತದಲ್ಲಿ ಕಾಲರಾ ಹಾವಳಿಯ ಸಮಯದಲ್ಲಿ ಇದನ್ನು ಕಂಡು, 1984ರಲ್ಲಿ ಇದರ ಪರವಾಗಿ ಬರೆದ ಮೇಲೆ ಮತ್ತೆ ಚಲಾವಣೆಗೆ ಬಂತು. ನಮ್ಮಲ್ಲಿ ನೋಡಿದ್ದನ್ನು ನಮಗೇ ಅಲ್ಲಿಂದ ಕಲಿಸಬೇಕಾಯಿತು ಎಂಬುದು ನನಗೆ ಸ್ವಲ್ಪ ಕಸಿವಿಸಿಯ ಸಂಗತಿ.

ಚರ್ಮ ಕೊಯ್ದು ನಾಳ ಹುಡುಕುವ ಕಟ್‌ಡೌನ್ ವೈದ್ಯರ ಕೆಲಸ. ಕಣಕಾಲಿನ ಒಳಗಂಟಿನಿಂದ 2 ಸೆಂ.ಮೀ. ಮುಂದಕ್ಕೂ ಮೇಲಕ್ಕೂ ಆ ನಾಳ ತಪ್ಪದೆ ಇರುತ್ತದೆ ಎಂಬುದು ತಮ್ಮ ಸಿಬ್ಬಂದಿಗೆ ಗೊತ್ತಿದ್ದು, ಅದರ ಟ್ರೇ ಸಿದ್ಧವಾಗಿದ್ದರೆ ಸಾಕು.

ಇನ್ನು ಗಡಿಯಾರದ ಅಭ್ಯಾಸ. ಪ್ಲಾಸ್ಟಿಕ್ ತೋಳಿನ ಮುಂದೆ ಒಬ್ಬರನ್ನು ನಿಲ್ಲಿಸಿ, ಇನ್ನೊಬ್ಬರ ಕೈಗೆ ಸ್ಟಾಪ್‌ವಾಚ್ ಕೊಡಿ. ಎರಡು ಪ್ರಯತ್ನ ಅಥವಾ ತೊಂಬತ್ತು ಸೆಕೆಂಡು, ಯಾವುದು ಮೊದಲೋ ಅದಕ್ಕೆ ಸಮಯ ನೋಡುವವರು ಗಟ್ಟಿಯಾಗಿ "ಮೂಳೆ" ಎನ್ನಬೇಕು, ಚುಚ್ಚುತ್ತಿರುವವರು ಸೂಜಿ ಕೆಳಗಿಡಬೇಕು. ಇದು ನಮ್ಮ ವಿಭಾಗದಲ್ಲಿ ನಾವು ಹಾಕಿಕೊಂಡ ಮಿತಿ. ತಮ್ಮ ವೈದ್ಯರೊಡನೆ ಮಾತಾಡಿ ತಮ್ಮದನ್ನು ನಿಗದಿ ಮಾಡಿಕೊಳ್ಳಿ. ಸಮಯ ನೋಡುವ ಕೆಲಸವನ್ನು ತಂಡದ ಅತ್ಯಂತ ಕಿರಿಯರಿಗೇ ಕೊಡಿ, ಏಕೆಂದರೆ ನಿಜವಾದ ರಾತ್ರಿಯಲ್ಲಿ ಹಿರಿಯರನ್ನು ತಡೆಯಬೇಕಾಗಿ ಬರುವುದು ಅವರಿಗೇ, ಮತ್ತು ಆ ದನಿ ಮೊದಲ ಕೆಲವು ಸಲ ಬಾಯಿಂದ ಹೊರಡುವುದೇ ಇಲ್ಲ.