ಈ ವಾರಾಂತ್ಯಕ್ಕೆ ದುಡ್ಡು, ಆಟ, ಅರ್ಥಶಾಸ್ತ್ರ ಮೂರೂ ಇರುವ ಏನನ್ನು ಓದಬಹುದು, ನೋಡಬಹುದು?

ಒಂದೇ ಹೇಳು ಅಂದರೆ ‘ಮನಿಬಾಲ್’. ಮೈಕಲ್ ಲೂಯಿಸ್ ಬರೆದ ಪುಸ್ತಕ 2003ರದ್ದು, ಬ್ರಾಡ್ ಪಿಟ್ ಇರುವ ಸಿನಿಮಾ 2011ರದ್ದು. ಬೇಸ್‌ಬಾಲ್ ಗೊತ್ತಿಲ್ಲದಿದ್ದರೂ ಪರವಾಗಿಲ್ಲ. 2002ರಲ್ಲಿ ಅಮೆರಿಕದ ಓಕ್ಲೆಂಡ್ ತಂಡ ಆಟಗಾರರ ಸಂಬಳಕ್ಕೆ ಸುಮಾರು 4 ಕೋಟಿ ಡಾಲರ್ ಖರ್ಚು ಮಾಡಿತು, ನ್ಯೂಯಾರ್ಕ್ ಯಾಂಕೀಸ್ ಅದರ ಮೂರು ಪಟ್ಟು, ಆದರೆ ಲೀಗ್‌ನಲ್ಲಿ ಎರಡೂ ಗೆದ್ದದ್ದು ತಲಾ 103 ಪಂದ್ಯ! ಗುಟ್ಟು ಇಷ್ಟೇ: ಎಲ್ಲರೂ ಭರ್ಜರಿ ಹೊಡೆತಗಾರರ ಹಿಂದೆ ಬಿದ್ದಿದ್ದಾಗ, ಹೇಗಾದರೂ ಔಟಾಗದೆ ಬೇಸ್ (ರನ್ ಗಳಿಸಲು ಓಡುವ ದಾರಿಯ ಠಾಣೆ) ತಲುಪುವವರು ಮಾರುಕಟ್ಟೆಯಲ್ಲಿ ಅಗ್ಗಕ್ಕೆ ಸಿಗುತ್ತಿದ್ದರು. ಸಿನಿಮಾ ಮಾತ್ರ ಆ ತಂಡದ ಅದ್ಭುತ ಪಿಚರ್‌ಗಳನ್ನು (ಚೆಂಡು ಎಸೆಯುವವರನ್ನು) ಸುಮ್ನೆ ಮರೆತುಬಿಡುತ್ತದೆ, ಅದು ಸ್ವಲ್ಪ ಮೋಸವೇ ಅಲ್ವಾ? ಹಾಗಾಗಿ ಪುಸ್ತಕಕ್ಕೇ ನನ್ನ ಓಟು.

ಸಮಯ ಉಳಿದರೆ ಬೇಸ್‌ಬಾಲ್ ಆಟಗಾರ ಬಾಬಿ ಬೊನಿಯಾ ಕಥೆ ಹುಡುಕಿ ಓದಿ. ನ್ಯೂಯಾರ್ಕ್ ಮೆಟ್ಸ್ ತಂಡ ಇವನಿಗೆ 2000ದಲ್ಲಿ 59 ಲಕ್ಷ ಡಾಲರ್ ಕೊಡಬೇಕಿತ್ತು. ಈಗ ಬೇಡ, ಆಮೇಲೆ 8% ಬಡ್ಡಿ ಸೇರಿಸಿ ಕೊಡಿ ಎಂದು ಒಪ್ಪಂದವಾಯಿತು. 2011ರಿಂದ 2035ರವರೆಗೆ ಪ್ರತಿ ಜುಲೈ 1ಕ್ಕೆ ಸುಮಾರು 11.9 ಲಕ್ಷ ಡಾಲರ್, ಆಟ ಬಿಟ್ಟು ಎಷ್ಟೋ ವರ್ಷವಾದ ಮೇಲೂ! ಚಕ್ರಬಡ್ಡಿಯನ್ನು ಮಕ್ಕಳಿಗೆ ಹೇಳಿಕೊಡಲು ಇದಕ್ಕಿಂತ ಮಜವಾದ ಲೆಕ್ಕ ನಾನು ನೋಡಿಲ್ಲ.